ಹಳೇ ಕ್ಯಾರವಾನ್ ಟ್ರೇಲರ್‌ಗೆ ಮತ್ತೆ ಜೀವ: ಬೆಂಗಳೂರಿನವರಿಗೆ ಸಮಗ್ರ ಮಾರ್ಗದರ್ಶಿ

ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ, ಒಳಗೆ ಮಲಗಿ ಅಡುಗೆ ಮಾಡಬಹುದಾದ ಹಳೇ ಟ್ರೇಲರ್ ಕೊಂಡವರು ಮೊದಲು ಮಾತಾಡುವುದು ಬಣ್ಣದ ಬಗ್ಗೆ. ತಿಳಿಹಸಿರು ಮತ್ತು ಕೆನೆ ಬಣ್ಣ, ಚೌಕುಳಿ ಪರದೆ, ಒಳಗೆ ಹಳದಿ ದೀಪ. ಒಂದು ಬೇಸಿಗೆಯ ಮಟ್ಟಿಗೆ ಇದೆಲ್ಲ ಚೆನ್ನಾಗಿಯೇ ಕಾಣುತ್ತದೆ. ಮಳೆ ಬಿದ್ದ ಮೇಲೆ ಮೂಲೆಯ ಪ್ಲೈವುಡ್ ಉಬ್ಬುತ್ತದೆ, ಹೊಸ ಹಾಸಿಗೆಗೆ ಮುಗ್ಗಲು ವಾಸನೆ ಹತ್ತುತ್ತದೆ. ಈ ಗಾಡಿಗಳು ಹಾಳಾಗುವುದೇ ನೀರಿನಿಂದ. ಅದಕ್ಕೇ ಈ ಬರಹದಲ್ಲಿ ಕೆಲಸದ ಸರದಿಯನ್ನು ನೀರಿನ ದಾರಿ ನೋಡಿಕೊಂಡೇ ಇಟ್ಟಿದ್ದೇನೆ: ಮೊದಲು ಕಾಗದ, ಆಮೇಲೆ ಚಾಸಿ (ತಳದ ಉಕ್ಕಿನ ಚೌಕಟ್ಟು), ಆಮೇಲೆ ಮರದ ಚೌಕಟ್ಟು ಮತ್ತು ಸೋರಿಕೆ, ಅದಾದ ಮೇಲೆ ವೈರಿಂಗು. ಬಣ್ಣ, ಪರದೆ ಎಲ್ಲ ಕೊನೆಗೆ.

ಕೊಳ್ಳುವ ಮುನ್ನ

ಅಮೆರಿಕ, ಇಂಗ್ಲೆಂಡಿನ ಹಾಗೆ ನಮ್ಮಲ್ಲಿ ಹಳೇ ಟ್ರೇಲರ್‌ಗಳ ಸಂತೆ ಇಲ್ಲ. ಸಿಗುವುದು ಅಲ್ಲೊಂದು ಇಲ್ಲೊಂದು. ಸಿನಿಮಾ ಘಟಕದವರು ಬಿಟ್ಟ ಗಾಡಿ, ಸರ್ಕಾರಿ ಇಲಾಖೆಯ ಕ್ಯಾಂಪ್ ಟ್ರೇಲರ್, ಯಾರದೋ ತೋಟದಲ್ಲಿ ಕಾವಲುಗಾರನ ಕೋಣೆಯಾಗಿ ನಿಂತಿರುವ ಹಳೇ ವಿದೇಶಿ ಡಬ್ಬ, ಹೀಗೆ. ಸರ್ಕಾರಿ ಹಳೇ ವಾಹನಗಳು ಕೇಂದ್ರ ಸರ್ಕಾರಿ ಕಂಪನಿ ಎಂಎಸ್‌ಟಿಸಿಯ ಆನ್‌ಲೈನ್ ಹರಾಜಿಗೆ ಬರುತ್ತವೆ, ಆಗಾಗ ನೋಡುತ್ತಿರಿ. ಅಮೆರಿಕದ ಏರ್‌ಸ್ಟ್ರೀಮ್ ಕಂಪನಿಯ ಟ್ರೇಲರ್‌ಗಳ ಒಂದು ದಂಡು 1963-64ರಲ್ಲಿ ಸಿಂಗಪುರದಿಂದ ಹೊರಟು, ಭಾರತದ ಮೇಲೆ ಹಾದು ಯುರೋಪ್ ತಲುಪಿತ್ತು. ಹಾಗಂತ ಅಂಥದ್ದೊಂದು ಶಿವಾಜಿನಗರದ ಗುಜರಿಯಲ್ಲಿ ಸಿಗುತ್ತದೆ ಅಂತ ಕಾಯುತ್ತ ಕೂರಬೇಡಿ. ಹೊರದೇಶದಿಂದ ತರಿಸೋಣ ಅಂದರೆ ಬಳಸಿದ ವಾಹನಗಳ ಆಮದಿಗೆ ನಿರ್ಬಂಧ ಇದೆ, ಸುಂಕವೂ ಜಾಸ್ತಿ. ಇಲ್ಲೇ ಇರುವ ಗಾಡಿ ಹುಡುಕುವುದೇ ವಾಸಿ.

ಗಾಡಿ ಎಲ್ಲಿಯದು ಅಂತ ನೋಡಲು ಬಾಗಿಲು ಯಾವ ಪಕ್ಕದಲ್ಲಿದೆ ನೋಡಿ. ಅಮೆರಿಕದ ಟ್ರೇಲರ್‌ಗೆ ಬಾಗಿಲು ಬಲಗಡೆ. ಅಲ್ಲಿ ಬಲಬದಿಯ ಸಂಚಾರ, ಹಾಗಾಗಿ ಬಲಗಡೆಯೇ ಫುಟ್‌ಪಾತು. ನಮ್ಮಲ್ಲಿ ರಸ್ತೆ ಪಕ್ಕ ನಿಲ್ಲಿಸಿದರೆ ಆ ಬಾಗಿಲು ನೇರ ಟ್ರಾಫಿಕ್ಕಿಗೆ ತೆರೆಯುತ್ತದೆ. ಬ್ರಿಟಿಷ್ ಗಾಡಿಗೆ ಬಾಗಿಲು ಎಡಗಡೆ, ನಮಗೆ ಸರಿಹೊಂದುತ್ತದೆ. ಬಾಗಿಲು ಬದಲಿಸುವುದು ಅಂದರೆ ಪಕ್ಕದ ಗೋಡೆ ಪೂರ್ತಿ ಹೊಸದಾಗಿ ಕಟ್ಟಿದ ಹಾಗೆ. ಅದಕ್ಕೆ ಕೈ ಹಾಕುವ ಬದಲು, ಅಮೆರಿಕದ ಗಾಡಿಯಾದರೆ ತೋಟ, ಮೈದಾನದಲ್ಲಿ ಮಾತ್ರ ನಿಲ್ಲಿಸುವುದು ಅಂತ ಮೊದಲೇ ಒಪ್ಪಿಕೊಂಡುಬಿಡಿ.

ನೋಡಲು ಹೋಗುವಾಗ ಒಂದು ಸ್ಕ್ರೂಡ್ರೈವರ್, ಒಂದು ಸಣ್ಣ ಸುತ್ತಿಗೆ, ಟಾರ್ಚು, ಸಾಧ್ಯವಾದರೆ ಮರದ ತೇವ ಅಳೆಯುವ ಮೀಟರ್ ಇರಲಿ. ಎಸ್‌ಪಿ ರಸ್ತೆಯಲ್ಲಿ ಹುಡುಕಿದರೆ ಮೀಟರ್ ಸಿಗುತ್ತದೆ. ಕಿಟಕಿಯ ಕೆಳಮೂಲೆ, ಚಾವಣಿಯ ನಾಲ್ಕು ಮೂಲೆ, ಬಾಗಿಲ ಹೊಸ್ತಿಲು, ಹಾಸಿಗೆ ಪೆಟ್ಟಿಗೆಯ ಒಳಗಿನ ನೆಲ, ಈ ಜಾಗಗಳಲ್ಲಿ ಮರಕ್ಕೆ ಸ್ಕ್ರೂಡ್ರೈವರ್ ತುದಿ ಒತ್ತಿ. ಗಟ್ಟಿ ಮರ ತಡೆಯುತ್ತದೆ. ಕೊಳೆತದ್ದು ಟೀ ಜೊತೆಯ ರಸ್ಕಿನಂತೆ ಪುಡಿಯಾಗುತ್ತದೆ. ಮೀಟರಿನಲ್ಲಿ ಶೇ. 15ರ ಒಳಗೆ ಬಂದರೆ ಒಣ ಮರ. ಶೇ. 20 ದಾಟಿದರೆ ಕೊಳೆಸುವ ಶಿಲೀಂಧ್ರಕ್ಕೆ ಬೇಕಾದಷ್ಟು ನೀರು ಅಲ್ಲಿದೆ ಅಂತ ಅರ್ಥ. ಇಲ್ಲಿ ಒಂದು ಮಾತು. ಮಾರುವವರು ಹೊಸದಾಗಿ ಬಣ್ಣ ಹೊಡೆಸಿ ಇಟ್ಟ ಗಾಡಿಗಿಂತ, ಧೂಳು ಹಿಡಿದು ಶೆಡ್ಡಿನಲ್ಲಿ ನಿಂತ ಗಾಡಿಯನ್ನೇ ನಾನು ಆರಿಸುತ್ತೇನೆ. ಬಣ್ಣ ಸೋರಿಕೆಯ ಕಲೆಗಳನ್ನು ಮುಚ್ಚಿಬಿಡುತ್ತದೆ.

ಕಾಗದಪತ್ರ

ಎಂಜಿನ್ ಇಲ್ಲವಲ್ಲ, ಇದಕ್ಯಾಕೆ ರಿಜಿಸ್ಟ್ರೇಷನ್ ಅಂತ ಕೇಳುವವರಿದ್ದಾರೆ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ. ರಸ್ತೆಗೆ ಇಳಿಸಬೇಕಾದರೆ ನೋಂದಣಿ ಬೇಕು, ಥರ್ಡ್ ಪಾರ್ಟಿ ವಿಮೆ ಬೇಕು. ಆದ್ದರಿಂದ ಮುಂಗಡ ಕೊಡುವ ಮೊದಲು ಆರ್‌ಸಿ ಕೇಳಿ. ಆರ್‌ಸಿಯಲ್ಲಿನ ಚಾಸಿ ನಂಬರು ಗಾಡಿಯ ಮೇಲೆ ಕೆತ್ತಿದ ನಂಬರಿಗೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಖಾಸಗಿ ಬಳಕೆಯ ಗಾಡಿಯ ಆರ್‌ಸಿಗೆ 15 ವರ್ಷ ಆಯಸ್ಸು. ಆಮೇಲೆ ಐದೈದು ವರ್ಷಕ್ಕೆ ನವೀಕರಣ, ಜೊತೆಗೆ ಹಸಿರು ತೆರಿಗೆ. ಎಂವೈ, ಎಂಇ ಅಂತ ಶುರುವಾಗುವ ಹಳೇ ಮೈಸೂರು ಕಾಲದ ನಂಬರಿದ್ದರೆ ಆರ್‌ಟಿಒ ದಾಖಲೆಯಲ್ಲಿ ಅದು ಇನ್ನೂ ಇದೆಯೇ ಅಂತ ವಿಚಾರಿಸಿಯೇ ಮುಂದುವರಿಯಿರಿ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. 50 ವರ್ಷ ದಾಟಿದ ವಾಹನಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ‘ವಿಎ’ ಅಕ್ಷರದ ವಿಂಟೇಜ್ ನೋಂದಣಿ ತಂದಿತು. ಅದು ಇರುವುದು ದ್ವಿಚಕ್ರ ವಾಹನ ಮತ್ತು ಕಾರುಗಳಿಗೆ. ಟ್ರೇಲರ್ ಎಷ್ಟೇ ಹಳೆಯದಾದರೂ ಆ ದಾರಿಯಲ್ಲಿ ಬರುವುದಿಲ್ಲ.

ಕಾಯ್ದೆಯ 52ನೇ ಸೆಕ್ಷನ್ ಕೂಡ ನೆನಪಿರಲಿ. ಆರ್‌ಸಿಯಲ್ಲಿ ಬರೆದ ವಿವರಕ್ಕೆ ಹೊಂದದ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಇದ್ದ ಅಳತೆಯಲ್ಲೇ ದುರಸ್ತಿ ಮಾಡುವುದು ಒಂದು, ಎರಡು ಅಡಿ ಉದ್ದ ಮಾಡಿ ಇನ್ನೊಂದು ಆಕ್ಸಲ್ ಸೇರಿಸುವುದು ಇನ್ನೊಂದು. ಎರಡನೆಯದಕ್ಕೆ ಕೈ ಹಾಕಬೇಡಿ. ಬಣ್ಣ ಬದಲಿಸುವುದಾದರೂ ಮೊದಲು ಆರ್‌ಟಿಒದಲ್ಲಿ ಕೇಳಿ.

ಕಾಗದವೇ ಇಲ್ಲದ ಗಾಡಿ ಬಹಳ ಅಗ್ಗಕ್ಕೆ ಸಿಗಬಹುದು. ತೋಟದಲ್ಲಿ ಅತಿಥಿ ಕೋಣೆಯಾಗಿ ನಿಲ್ಲಿಸುವುದಾದರೆ ಕೊಳ್ಳಿ. ಓಡಿಸುವ ಆಸೆ ಇದ್ದರೆ ಬೇಡ.

ಜಾಗ ಮತ್ತು ಕಾಲ

ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಈ ಕೆಲಸ ಆಗುವುದಿಲ್ಲ. ಗ್ರೈಂಡರ್ ಸದ್ದಿಗೆ ಮೊದಲ ವಾರವೇ ಅಸೋಸಿಯೇಷನ್ನಿಂದ ನೋಟಿಸು ಬರುತ್ತದೆ. ಮಾಗಡಿ ರಸ್ತೆ, ಹೆಸರಘಟ್ಟ, ಕೆಂಗೇರಿ ಆಚೆ ಶೀಟು ಹೊದಿಸಿದ ಶೆಡ್ಡು ಬಾಡಿಗೆಗೆ ಸಿಗುತ್ತವೆ. ಶೆಡ್ಡು ಗಾಡಿಗಿಂತ ಸುತ್ತಲೂ ನಾಲ್ಕಡಿ ದೊಡ್ಡದಿರಲಿ, ನೆಲ ಕಾಂಕ್ರೀಟ್ ಆಗಿರಲಿ, ವೆಲ್ಡಿಂಗ್ ಮೆಷಿನ್ ತಡೆಯುವ ಕರೆಂಟ್ ಇರಲಿ.

ಬೆಂಗಳೂರಿಗೆ ಎರಡು ಮಳೆಗಾಲ. ಮುಂಗಾರು ಜೂನ್‌ನಿಂದ ಸೆಪ್ಟೆಂಬರ್, ಹಿಂಗಾರು ಅಕ್ಟೋಬರ್-ನವೆಂಬರ್. ಏಪ್ರಿಲ್, ಮೇ ಸಂಜೆಗಳ ಗುಡುಗು ಮಳೆ ಬೇರೆ. ಧಾರಾಳವಾಗಿ ಒಣಗಿರುವುದು ಡಿಸೆಂಬರಿನಿಂದ ಮಾರ್ಚ್ ಮಾತ್ರ. ನನ್ನ ಲೆಕ್ಕ ಹೀಗೆ: ಬಸವನಗುಡಿಯ ಕಡಲೆಕಾಯಿ ಪರಿಷೆ ಮುಗಿದ ಮೇಲೆ ಗಾಡಿಯ ಹೊದಿಕೆ ಬಿಚ್ಚಿ, ಯುಗಾದಿ ಹೊತ್ತಿಗೆ ಮುಚ್ಚಿಬಿಡಿ. ವೈರಿಂಗು, ಪೀಠೋಪಕರಣ, ಹೊಲಿಗೆ ಇವೆಲ್ಲ ಮಳೆಯಲ್ಲೂ ಆಗುತ್ತವೆ. ತೆರೆದ ಮರದ ಚೌಕಟ್ಟನ್ನು ಮಾತ್ರ ಮಳೆಗಾಲಕ್ಕೆ ಬಿಡಬಾರದು.

ಬಿಚ್ಚುವುದು

ಬಿಚ್ಚುವ ಮೊದಲು ಫೋಟೋ ತೆಗೆಯಿರಿ. ಪ್ರತಿ ಮೂಲೆ, ಪ್ರತಿ ಸ್ಕ್ರೂ ಸಾಲು, ಪ್ರತಿ ವೈರಿನ ಜೋಡಣೆ. ಬಿಚ್ಚಿದ ಪಟ್ಟಿಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ ನಂಬರ್ ಬರೆಯಿರಿ. ಹಾಳಾದ ತುಂಡನ್ನೂ ಎಸೆಯಬೇಡಿ, ಹೊಸದನ್ನು ಕತ್ತರಿಸಲು ಅದೇ ಅಚ್ಚು.

1950-60ರ ದಶಕದ ಬಹುಪಾಲು ಟ್ರೇಲರ್‌ಗಳು ತೆಳು ಮರದ ಚೌಕಟ್ಟು, ಅದರ ಮೇಲೆ ತೆಳ್ಳನೆ ಅಲ್ಯೂಮಿನಿಯಂ ತಗಡು. ಇವನ್ನು ಕಟ್ಟಿದ್ದು ಒಳಗಿನಿಂದ ಹೊರಕ್ಕೆ: ಮೊದಲು ಒಳಗೋಡೆ, ಆಮೇಲೆ ಚೌಕಟ್ಟು, ವೈರು, ಕೊನೆಗೆ ತಗಡು. ಬಿಚ್ಚುವಾಗ ಹೊರಗಿನಿಂದ ಒಳಕ್ಕೆ ಬನ್ನಿ. ಮೂಲೆಯ ಮೋಲ್ಡಿಂಗ್ ಪಟ್ಟಿ ಮೊದಲು, ಕಿಟಕಿಗಳು ನಂತರ, ಆಮೇಲೆ ತಗಡು. ಏರ್‌ಸ್ಟ್ರೀಮ್ ತರಹದ ರಿವೆಟ್ ಗಾಡಿ ಬೇರೆಯೇ ಜಾತಿ. ಅದರ ಹೊರ ಚಿಪ್ಪೇ ಭಾರ ಹೊರುತ್ತದೆ, ಆದ್ದರಿಂದ ಅಲ್ಲಿ ಒಳಗಿನ ತಗಡು ಬಿಚ್ಚಬೇಕು, ಹೊರಗಿನದನ್ನು ಮುಟ್ಟಬಾರದು.

ಎಲ್ಲವನ್ನೂ ಒಂದೇ ಸಲ ಬಿಚ್ಚಿದರೆ ಚೌಕಟ್ಟು ಆಕಾರ ಬಿಡುತ್ತದೆ. ಒಂದು ಪಕ್ಕ ಬಿಚ್ಚಿ, ಸರಿ ಮಾಡಿ, ತಾತ್ಕಾಲಿಕವಾಗಿ ಅಡ್ಡಪಟ್ಟಿ ಹೊಡೆದು ಇನ್ನೊಂದು ಪಕ್ಕಕ್ಕೆ ಹೋಗಿ.

ಹಳೇ ನೆಲದ ಟೈಲು, ಒಲೆಯ ಹಿಂದಿನ ಹಲಗೆ, ಬ್ರೇಕ್ ಶೂ ಇವುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಹಳೇ ಬಣ್ಣದಲ್ಲಿ ಸೀಸ ಇರಬಹುದು. ಒಣಗಿದ್ದಾಗ ಉಜ್ಜಬೇಡಿ, ನೀರು ಚಿಮುಕಿಸಿಕೊಂಡು ತೆಗೆಯಿರಿ. ಬಟ್ಟೆ ಮಾಸ್ಕ್ ಸಾಲದು, ಸರಿಯಾದ ಕಾರ್ಟ್ರಿಡ್ಜ್ ಮಾಸ್ಕ್ ಹಾಕಿಕೊಳ್ಳಿ.

ಚಾಸಿ, ಚಕ್ರ, ಕೊಂಡಿ

ಗಾಡಿಯನ್ನು ಜಾಕಿ ಮೇಲೆ ನಿಲ್ಲಿಸಿ ಸುಮ್ನೆ ಬಿಡಬೇಡಿ, ಗಟ್ಟಿ ಸ್ಟ್ಯಾಂಡ್ ಕೊಡಿ. ಚಾಸಿಯ ಉದ್ದಕ್ಕೂ ಸುತ್ತಿಗೆಯಿಂದ ತಟ್ಟುತ್ತ ಹೋಗಿ. ಒಳ್ಳೇ ಉಕ್ಕು ಟಣ್ ಎನ್ನುತ್ತದೆ. ತುಕ್ಕು ತಿಂದ ಜಾಗದಲ್ಲಿ ಸದ್ದು ಸಾಯುತ್ತದೆ, ಪದರ ಉದುರುತ್ತದೆ. ಮುಂದಿನ ತ್ರಿಕೋನ ಭಾಗ ಮತ್ತು ಹಿಂದಿನ ಕೊನೆಯ ಅಡ್ಡಪಟ್ಟಿ, ಇವೆರಡೂ ಮೊದಲು ಸಾಯುವ ಜಾಗಗಳು.

ವೆಲ್ಡಿಂಗಿಗೆ ಕೊಡುವ ಮೊದಲು ಟೇಪ್ ಹಿಡಿದು ಕೊಂಡಿಯ ಮಧ್ಯದಿಂದ ಆಕ್ಸಲ್‌ನ ಎರಡೂ ತುದಿಗೆ ಅಳೆಯಿರಿ. ಎರಡೂ ಅಳತೆ ಒಂದೇ ಬರಬೇಕು. ವ್ಯತ್ಯಾಸ ಇದ್ದರೆ ಗಾಡಿ ಏಡಿ ನಡಿಗೆ ನಡೆಯುತ್ತದೆ, ಟೈರು ಬೇಗ ಸವೆಯುತ್ತದೆ. ಚಾಸಿಯನ್ನು ಪೀಣ್ಯದ ಕಡೆ ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಿ, ಅಂದೇ ಎಪಾಕ್ಸಿ ಪ್ರೈಮರ್ ಹೊಡೆಸಿ. ರಾತ್ರಿ ಬಿಟ್ಟರೆ ಬೆಳಗ್ಗೆಗೆ ಹೊಸ ತುಕ್ಕು ಶುರು. ಬ್ಲಾಸ್ಟಿಂಗಿಗೆ ಕಳಿಸುವಾಗ ಚಾಸಿ ನಂಬರಿನ ಮೇಲೆ ದಪ್ಪ ಟೇಪ್ ಸುತ್ತಿ. ಆರ್‌ಟಿಒದಲ್ಲಿ ಆ ನಂಬರಿನ ಪೆನ್ಸಿಲ್ ಪ್ರಿಂಟ್ ಕೇಳುತ್ತಾರೆ. ಮರಳು ಅದನ್ನು ಅಳಿಸಿಬಿಟ್ಟರೆ ಅಲ್ಲಿಗೆ ಗಾಡಿಯ ಗುರುತೇ ಹೋಯಿತು.

ಚಕ್ರದ ನಡುವಿನ ಹಬ್ ಬೇರಿಂಗ್ ವಿಷಯದಲ್ಲಿ ಜಿಪುಣತನ ಬೇಡ. ಹಳೇ ಬೇರಿಂಗಿನ ಅಂಚಿನಲ್ಲಿ ನಂಬರ್ ಕೆತ್ತಿರುತ್ತದೆ. ಅದನ್ನು ಒರೆಸಿ, ಹಳೇ ಬೇರಿಂಗನ್ನೇ ಕೈಯಲ್ಲಿ ಹಿಡಿದು ಜೆಸಿ ರಸ್ತೆ ಕಡೆಯ ಬೇರಿಂಗ್ ಅಂಗಡಿಗೆ ಹೋಗಿ. ಒಳಗಿನದು, ಹೊರಗಿನದು ಎರಡೂ ಬೇರೆ ಅಳತೆ ಇರಬಹುದು. ಹೊಸ ಬೇರಿಂಗ್ ಹಾಕುವಾಗ ಹಬ್ಬಿನೊಳಗಿನ ಕಪ್ ಕೂಡ ಬದಲಿಸಿ, ಹಳೇ ಕಪ್ಪಿನಲ್ಲಿ ಹೊಸ ರೋಲರ್ ಕೂರಿಸಬೇಡಿ. ಗ್ರೀಸ್ ಮೇಲೆ ಸವರಿದರೆ ಸಾಲದು. ಅಂಗೈಯಲ್ಲಿ ಒಂದು ಉಂಡೆ ಗ್ರೀಸ್ ಇಟ್ಟುಕೊಂಡು, ಬೇರಿಂಗಿನ ಅಗಲ ಬಾಯಿಯನ್ನು ಅದಕ್ಕೆ ಒತ್ತುತ್ತ ಬನ್ನಿ. ಇನ್ನೊಂದು ಕಡೆಯಿಂದ ರೋಲರ್‌ಗಳ ಸಂದಿಯಲ್ಲಿ ಗ್ರೀಸ್ ಹೊರಗೆ ಬರಬೇಕು. ಸುತ್ತಲೂ ಹೀಗೆ ಬರುವವರೆಗೂ ತಿರುಗಿಸಿ. ಕೂರಿಸಿದ ಮೇಲೆ ಚಕ್ರ ತಿರುಗಿಸುತ್ತ ನಟ್ ಬಿಗಿ ಮಾಡಿ, ಪೂರ್ತಿ ಸಡಿಲಿಸಿ, ಆಮೇಲೆ ಬೆರಳಲ್ಲಿ ಬಿಗಿಯುವಷ್ಟೇ ಬಿಗಿದು ಹೊಸ ಸ್ಪ್ಲಿಟ್ ಪಿನ್ ಹಾಕಿ. ಸ್ಪ್ಯಾನರ್ ಹಿಡಿದು ಬಲವಾಗಿ ಬಿಗಿದರೆ ಬೇರಿಂಗ್ ಸುಟ್ಟುಹೋಗುತ್ತದೆ.

ಟೈರಿನ ಗ್ರಿಪ್ ಚೆನ್ನಾಗಿದ್ದರೂ ನಂಬಬೇಡಿ. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 3517 ಅಂದರೆ 2017ನೇ ಇಸವಿಯ 35ನೇ ವಾರ ತಯಾರಾದದ್ದು. ನಿಂತೇ ವಯಸ್ಸಾದ ಟೈರು ಓಡುವಾಗ ಸಿಡಿಯುತ್ತದೆ. ಹೊಸ ಟೈರಿನ ಭಾರದ ಅಂಕಿ ತುಂಬಿದ ಗಾಡಿಯ ತೂಕಕ್ಕೆ ಸಾಕಾಗಬೇಕು.

ಕೊಂಡಿಯ ಗುಂಡು, ಅಂದರೆ ಕಾರಿನ ಹಿಂದೆ ಟ್ರೇಲರಿನ ಕೊಂಡಿ ಕೂರುವ ಉಕ್ಕಿನ ಚೆಂಡು, ಜನ ಎಡವುವ ಇನ್ನೊಂದು ಜಾಗ. ಯುರೋಪಿನ ಈಗಿನ ಅಳತೆ 50 ಮಿ.ಮೀ. ಅಮೆರಿಕದ್ದು ಎರಡು ಇಂಚು, ಅಂದರೆ 50.8 ಮಿ.ಮೀ. ಕಣ್ಣಿಗೆ ಎರಡೂ ಒಂದೇ. ಆದರೆ ಎರಡಿಂಚಿನ ಕೊಂಡಿಗೆ 50ರ ಗುಂಡು ಹಾಕಿದರೆ ಸಡಿಲ, ಹಂಪ್ ಮೇಲೆ ಹಾರಿದಾಗ ಕಳಚಬಹುದು. ಹಳೇ ಬ್ರಿಟಿಷ್ ಗಾಡಿಗಳಲ್ಲೂ ಎರಡಿಂಚು ಇರುವುದುಂಟು. ವರ್ನಿಯರ್ ಹಿಡಿದು ಅಳೆದೇ ಗುಂಡು ಕೊಳ್ಳಿ. ಕೊಂಡಿಯ ಕೆಳಗೆ ಎರಡು ಸರಪಳಿ ಕತ್ತರಿಯಾಕಾರದಲ್ಲಿ ಹಾಯಲಿ. ಗುಂಡು ಕಳಚಿದರೂ ಟ್ರೇಲರಿನ ಮೂತಿ (ಕೊಂಡಿ ಇರುವ ಮುಂತುದಿ) ರಸ್ತೆಗೆ ಬೀಳದೆ ಸರಪಳಿಯ ಮೇಲೆ ಕೂರುತ್ತದೆ.

ಬ್ರೇಕ್? ಯುರೋಪಿನಲ್ಲಿ 750 ಕೆಜಿ ಮೀರಿದ ಟ್ರೇಲರ್‌ಗೆ ಸ್ವಂತ ಬ್ರೇಕ್ ಕಡ್ಡಾಯ. ಆ ಅಳತೆಯನ್ನು ನಾವೂ ಇಟ್ಟುಕೊಳ್ಳುವುದು ಒಳ್ಳೇದು. ಬ್ರಿಟಿಷ್ ಗಾಡಿಯಲ್ಲಿ ಕಾರು ನಿಧಾನವಾದಾಗ ಕೊಂಡಿ ಒಳಕ್ಕೆ ಒತ್ತಿ ತಾನೇ ಬ್ರೇಕ್ ಹಿಡಿಯುವ ಏರ್ಪಾಡು ಇರುತ್ತದೆ. ಅಮೆರಿಕದ್ದು ಎಲೆಕ್ಟ್ರಿಕ್, ಅದಕ್ಕೆ ಕಾರಿನೊಳಗೆ ಬೇರೆ ಕಂಟ್ರೋಲರ್ ಬೇಕು. ನಮ್ಮ ಕಾರುಗಳ ಜೊತೆ ಮೊದಲನೆಯದೇ ಸರಳ.

ಮರ ಮತ್ತು ನೀರು

ಇಲ್ಲಿ ಆತುರ ಮಾಡಿದರೆ ಉಳಿದ ಶ್ರಮವೆಲ್ಲ ದಂಡ.

ಕೊಳೆತ ಮರವನ್ನು ಕೊಳೆತ ಕಡೆಗಿಂತ ಒಂದಡಿ ಆಚೆವರೆಗೆ ಕತ್ತರಿಸಿ. ಹೊಸ ತುಂಡನ್ನು ಅರ್ಧ ದಪ್ಪಕ್ಕೆ ಕೊರೆದು ಒಂದರ ಮೇಲೊಂದು ಕೂರಿಸಿ, ನೀರು ತಡೆಯುವ ಮರೀನ್ ಅಂಟು ಅಥವಾ ಎಪಾಕ್ಸಿ ಹಾಕಿ, ಸ್ಟೇನ್‌ಲೆಸ್ ಸ್ಕ್ರೂ ಬಿಗಿಯಿರಿ. ಮರ ಯಾವುದು? ತೇಗ ಬಾಳಿಕೆಗೆ ಸರಿ, ಬೆಲೆ ಜಾಸ್ತಿ. ಕಾಫಿ ತೋಟಗಳಿಂದ ಬರುವ ಸಿಲ್ವರ್ ಓಕ್ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯಲ್ಲಿ ಸುಲಭವಾಗಿ ಸಿಗುತ್ತದೆ, ಹಗುರ, ಕೆಲಸಕ್ಕೆ ಬಗ್ಗುತ್ತದೆ. ಆದರೆ ಹುಳ ಬೇಗ ಹಿಡಿಯುತ್ತದೆ, ಬೋರಾಕ್ಸ್-ಬೋರಿಕ್ ಆಸಿಡ್ ದ್ರಾವಣ ಎರಡು ಸಲ ಹಚ್ಚದೆ ಬಳಸಬೇಡಿ. ನನ್ನ ಆಯ್ಕೆ: ಕೆಳಗಿನ ಅಡ್ಡಪಟ್ಟಿ ಮತ್ತು ಹೊಸ್ತಿಲಿಗೆ ತೇಗ, ಮೇಲಿನದಕ್ಕೆ ಸಿಲ್ವರ್. ಮರ ಪೂರ್ತಿ ಒಣಗಿದೆಯೇ ಅಂತ ಅದೇ ಮೀಟರಿನಲ್ಲಿ ನೋಡಿಯೇ ತನ್ನಿ.

ನೆಲಕ್ಕೆ ಪ್ಲೈವುಡ್ ಕೊಳ್ಳುವಾಗ ‘ವಾಟರ್‌ಪ್ರೂಫ್’ ಅನ್ನುವ ಬಾಯಿಮಾತು ಕೇಳಬೇಡಿ. ಹಲಗೆಯ ಮೇಲೆ ಐಎಸ್ 710 ಮುದ್ರೆ ಇದ್ದರೆ ಮರೀನ್ ದರ್ಜೆ. ಐಎಸ್ 303 ಮನೆಯೊಳಗಿನ ಕೆಲಸಕ್ಕೆ. ಹಲಗೆಯ ನಾಲ್ಕು ಅಂಚಿಗೂ, ಕೆಳಭಾಗಕ್ಕೂ ಎಪಾಕ್ಸಿ ಹಚ್ಚಿ. ನೀರು ಒಳಗೆ ನುಗ್ಗುವುದು ಅಂಚಿನಿಂದ.

ಈಗ ತಗಡು. ಉಕ್ಕು ಮತ್ತು ಅಲ್ಯೂಮಿನಿಯಂ ತೇವದಲ್ಲಿ ಒಂದಕ್ಕೊಂದು ತಾಗಿದರೆ ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗುತ್ತದೆ. ಚಾಸಿ ಮತ್ತು ತಗಡಿನ ನಡುವೆ ಬ್ಯುಟೈಲ್ ಟೇಪ್ (ಮೆತ್ತಗೆ ಅಂಟುವ ಸೀಲಿಂಗ್ ಪಟ್ಟಿ) ಅಥವಾ ರಬ್ಬರ್ ಪಟ್ಟಿ ಬರಲೇಬೇಕು. ತಗಡು ಹೊದಿಸುವಾಗ ಮೇಲಿನದು ಕೆಳಗಿನದರ ಮೇಲೆ ಬರಲಿ, ಹೆಂಚು ಹೊದಿಸುವ ಕ್ರಮವೇ ಇಲ್ಲೂ.

ಹಾರ್ಡ್‌ವೇರ್ ಅಂಗಡಿಯಲ್ಲಿ ಎಲ್ಲದಕ್ಕೂ ಸಿಲಿಕೋನ್ ಕೊಡುತ್ತಾರೆ. ತೆಗೆದುಕೊಳ್ಳಬೇಡಿ. ಸಿಲಿಕೋನ್ ತಗಡಿನ ಹಿಗ್ಗು-ಕುಗ್ಗಿಗೆ ಬಿಟ್ಟುಕೊಳ್ಳುತ್ತದೆ. ಒಮ್ಮೆ ಹಚ್ಚಿದ ಜಾಗದಲ್ಲಿ ಮುಂದೆ ಬೇರೆ ಅಂಟೂ ಹಿಡಿಯುವುದಿಲ್ಲ, ಬಣ್ಣವೂ ಹಿಡಿಯುವುದಿಲ್ಲ. ಕಿಟಕಿ, ಮೋಲ್ಡಿಂಗ್, ಚಾವಣಿಯ ತೂತುಗಳ ಕೆಳಗೆ ಬ್ಯುಟೈಲ್ ಟೇಪ್. ತಗಡಿನ ಕೂಡುಗಳಿಗೆ ಪಾಲಿಯುರೆಥೇನ್ ಸೀಲಂಟ್. ಬ್ಯುಟೈಲ್ ಹಾಕಿ ಸ್ಕ್ರೂ ಬಿಗಿದಾಗ ಅಂಚಿನಿಂದ ಸ್ವಲ್ಪ ಹೊರಗೆ ಇಣುಕಬೇಕು. ಬಿಸಿಲಿಗೆ ಒಂದೆರಡು ದಿನ ಬಿಟ್ಟು ಮತ್ತೆ ಬಿಗಿದು, ಇಣುಕಿದ್ದನ್ನು ಪ್ಲಾಸ್ಟಿಕ್ ಚೂರಿಯಿಂದ ಕತ್ತರಿಸಿ.

ಸೋರಿಕೆ ಪರೀಕ್ಷೆಗೆ ಪೈಪಿನಿಂದ ನೀರು ಬಿಟ್ಟು ಒಳಗೆ ನೋಡುವುದು ಹಳೇ ಪದ್ಧತಿ. ಅದರಲ್ಲಿ ತೊಂದರೆ ಏನೆಂದರೆ, ಮೇಲೆ ಒಂದು ಕಡೆ ಹೊಕ್ಕ ನೀರು ಚೌಕಟ್ಟಿನ ಮೇಲೆ ಹರಿದು ಮೂರಡಿ ಆಚೆ ತೊಟ್ಟಿಕ್ಕುತ್ತದೆ. ನೀವು ತಪ್ಪು ಜಾಗಕ್ಕೆ ತೇಪೆ ಹಾಕುತ್ತೀರಿ. ಇದಕ್ಕಿಂತ ಚೆನ್ನಾದ ದಾರಿ ಇದೆ. ಒಳಗೋಡೆ ಮುಚ್ಚುವ ಮೊದಲು ಒಂದು ಕಿಟಕಿಗೆ ಹಲಗೆ ಕತ್ತರಿಸಿ ಕೂರಿಸಿ, ಅದರಲ್ಲಿ ತೂತು ಮಾಡಿ ಗಾಳಿ ಊದುವ ಬ್ಲೋವರ್ ಇಡಿ. ಉಳಿದ ಕಿಟಕಿ, ಬಾಗಿಲು, ವೆಂಟು ಮುಚ್ಚಿ ಸಂದಿಗೆ ಟೇಪ್ ಹಚ್ಚಿ. ಬ್ಲೋವರ್ ಓಡಿಸಿದರೆ ಗಾಡಿಯೊಳಗೆ ಗಾಳಿಯ ಒತ್ತಡ ಏರುತ್ತದೆ. ಈಗ ಪಾತ್ರೆ ತೊಳೆಯುವ ಸೋಪಿನ ನೀರನ್ನು ಹೊರಗಿನ ಪ್ರತಿ ಕೂಡು, ಪ್ರತಿ ಸ್ಕ್ರೂ ತಲೆಯ ಮೇಲೆ ಸ್ಪ್ರೇ ಮಾಡಿ. ಎಲ್ಲಿ ಗುಳ್ಳೆ ಏಳುತ್ತದೋ ಅಲ್ಲೇ ತೂತು. ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಹೋಗಿ. ಗಾಳಿಯಿಲ್ಲದ ಬೆಳಗಿನ ಹೊತ್ತು ಇದಕ್ಕೆ ಸರಿ, ಬಿಸಿಲಿನಲ್ಲಿ ಸೋಪು ನೋಡುವ ಮುಂಚೆಯೇ ಒಣಗಿಬಿಡುತ್ತದೆ.

ವೈರಿಂಗು

ಹಳೇ ವೈರು ಒಂದಿಂಚೂ ಉಳಿಸಬೇಡಿ. ರಬ್ಬರ್ ಹೊದಿಕೆ ಬಗ್ಗಿಸಿದರೆ ಬಿರಿಯುತ್ತದೆ. ಅಮೆರಿಕದ ಗಾಡಿಯಾದರೆ ಅದರ ಫ್ರಿಜ್ಜು, ಏಸಿ ಎಲ್ಲ 120 ವೋಲ್ಟಿನವು, ನಮ್ಮ 230ಕ್ಕೆ ಹಾಕಿದರೆ ಹೊಗೆ.

ಹಿಂದಿನ ದೀಪದಲ್ಲೂ ಅಮೆರಿಕದ ಗಾಡಿಗೆ ಒಂದು ವಿಚಿತ್ರ ಇದೆ. ಅಲ್ಲಿ ಬ್ರೇಕ್ ದೀಪವೂ ಇಂಡಿಕೇಟರೂ ಒಂದೇ ಕೆಂಪು ಬಲ್ಬು. ನಮ್ಮಲ್ಲಿ ಇಂಡಿಕೇಟರ್ ಬೇರೆ, ಕಿತ್ತಳೆ ಬಣ್ಣದ್ದು ಇರಬೇಕು. ಹೊಸ ದೀಪ ಹಾಕಿ, ಕಾರಿಗೆ ಏಳು ಪಿನ್ನಿನ ಪ್ಲಗ್ ಕೊಡಿ. ಯುರೋಪಿನ 12ಎನ್ ಕ್ರಮದಲ್ಲಿ ಹಳದಿ ಎಡ ಇಂಡಿಕೇಟರ್, ಹಸಿರು ಬಲ ಇಂಡಿಕೇಟರ್, ಕೆಂಪು ಬ್ರೇಕ್, ಕಪ್ಪು ಎಡ ಹಿಂದೀಪ, ಕಂದು ಬಲ ಹಿಂದೀಪ, ಬಿಳಿ ಅರ್ತ್, ನೀಲಿ ಮಂಜು ದೀಪ. ಈ ಬಣ್ಣಗಳನ್ನೇ ಉಳಿಸಿಕೊಂಡರೆ ಮುಂದೆ ಯಾವ ಆಟೋ ಎಲೆಕ್ಟ್ರಿಷಿಯನ್ ಆದರೂ ಹುಡುಕಿ ಸರಿ ಮಾಡುತ್ತಾನೆ.

ಒಳಗಿನ ಬಳಕೆಗೆ 12 ವೋಲ್ಟ್ ಸಾಕು. ಲೆಕ್ಕ ಹಾಕೋಣ. 45 ವ್ಯಾಟಿನ ಸಣ್ಣ ಫ್ರಿಜ್ಜು ದಿನದಲ್ಲಿ ಅರ್ಧ ಹೊತ್ತು ಓಡಿದರೆ 540 ವ್ಯಾಟ್-ಅವರ್. 20 ವ್ಯಾಟಿನ ಫ್ಯಾನು ಎಂಟು ಗಂಟೆ, 160. ಮೂರು ವ್ಯಾಟಿನ ನಾಲ್ಕು ದೀಪ ಐದು ಗಂಟೆ, 60. ಫೋನು, ಪಂಪು ಸೇರಿ 60. ಒಟ್ಟು ಸುಮಾರು 820. 100 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 1280 ಇರುತ್ತದೆ, ಒಂದು ದಿನ ಆರಾಮ. ಚಾವಣಿಗೆ 200 ವ್ಯಾಟಿನ ಸೋಲಾರ್ ಹಾಕಿ, ದಿನಕ್ಕೆ ಐದು ಗಂಟೆ ಒಳ್ಳೇ ಬಿಸಿಲು, ನಷ್ಟ ಕಾಲು ಭಾಗ ಅಂತ ಹಿಡಿದರೆ 750 ವಾಪಸು ಬರುತ್ತದೆ. ಮೋಡದ ಜುಲೈನಲ್ಲಿ ಇಷ್ಟು ನಿರೀಕ್ಷಿಸಬೇಡಿ.

12 ವೋಲ್ಟಿನಲ್ಲಿ ವೈರಿನ ದಪ್ಪ ಬಹಳ ಮುಖ್ಯ. ಬ್ಯಾಟರಿಯಿಂದ ಐದು ಮೀಟರ್ ದೂರದ ಉಪಕರಣ 10 ಆಂಪಿಯರ್ ಎಳೆಯುತ್ತದೆ ಅಂದುಕೊಳ್ಳಿ. ಹೋಗಿಬರುವ ದಾರಿ 10 ಮೀಟರ್. ಮನೆಗೆ ಹಾಕುವ 2.5 ಚದರ ಮಿ.ಮೀ ವೈರಿನಲ್ಲಿ ಮುಕ್ಕಾಲು ವೋಲ್ಟ್ ದಾರಿಯಲ್ಲೇ ಹೋಗುತ್ತದೆ, ಸುಮಾರು ಶೇ. 6. ಆರು ಚದರ ಮಿ.ಮೀ ಹಾಕಿದರೆ ನಷ್ಟ 0.3 ವೋಲ್ಟ್. ಫ್ರಿಜ್ಜು ಸುಮ್ನೆ ಆಫ್ ಆಗುತ್ತಿದೆ ಅಂತ ದೂರುವವರ ಗಾಡಿಯಲ್ಲಿ ಮೊದಲು ನೋಡಬೇಕಾದ್ದು ಇದನ್ನೇ.

ಫ್ಯೂಸ್ ಬ್ಯಾಟರಿಗೆ ಅಂಟಿಕೊಂಡಂತೆ ಇರಲಿ, ವೈರು ತಡೆಯುವ ಕರೆಂಟಿಗೆ ತಕ್ಕಂತೆ ಇರಲಿ. ತಗಡಿನ ತೂತಿನಲ್ಲಿ ವೈರು ಹಾಯುವ ಕಡೆ ರಬ್ಬರ್ ಗ್ರಾಮೆಟ್ ತಪ್ಪದೇ ಹಾಕಿ. ಹೊರಗಿನ 230 ವೋಲ್ಟ್ ತೆಗೆದುಕೊಳ್ಳುವುದಾದರೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಬೇಕೇ ಬೇಕು, ಚಾಸಿಯನ್ನೂ ತಗಡನ್ನೂ ಅರ್ತ್‌ಗೆ ಸೇರಿಸಿ. ಲೋಹದ ಡಬ್ಬದೊಳಗೆ ಮಲಗುವ ಜನ ನೀವು.

ಗ್ಯಾಸು, ನೀರು

ಹಳೇ ಗ್ಯಾಸ್ ಪೈಪು, ರೆಗ್ಯುಲೇಟರ್ ಕಿತ್ತು ಹಾಕಿ. ಐದು ಕೆಜಿಯ ಸಿಲಿಂಡರ್ ಸಾಕು. ಅದು ಗಾಡಿಯ ಒಳಭಾಗಕ್ಕೆ ಸಂಬಂಧವಿಲ್ಲದ, ಹೊರಗಿನಿಂದ ಮಾತ್ರ ತೆರೆಯುವ ಪೆಟ್ಟಿಗೆಯಲ್ಲಿರಲಿ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಶೇಖರವಾಗುತ್ತದೆ. ಆದ್ದರಿಂದ ಪೆಟ್ಟಿಗೆಯ ತಳದಲ್ಲೂ ಒಲೆಯ ಕೆಳಗೂ ನೆಲಮಟ್ಟದಲ್ಲಿ ತೂತು ಬಿಡಿ, ಚಳಿ ಅಂತ ಅದಕ್ಕೆ ಬಟ್ಟೆ ತುರುಕಬೇಡಿ. ಓಡುವಾಗ ವಾಲ್ವ್ ಮುಚ್ಚಿರಬೇಕು.

ನೀರಿನ ಟ್ಯಾಂಕ್ 40 ಲೀಟರ್ ಅಂದರೆ 40 ಕೆಜಿ. ಆಕ್ಸಲ್ ಮೇಲೆಯೇ ಕೂರಿಸಿ. ಬೋರ್‌ವೆಲ್ ನೀರು ತುಂಬಿದರೆ ಸಣ್ಣ ಪಂಪಿನ ವಾಲ್ವಿಗೆ ಸುಣ್ಣ ಕಟ್ಟುತ್ತದೆ, ಮುಂದೆ ಒಂದು ಜಾಲರಿ ಫಿಲ್ಟರ್ ಇರಲಿ.

ಒಳಾಂಗಣ, ಬಣ್ಣ

ಮನೆಗೆ ವಾರ್ಡ್‌ರೋಬ್ ಮಾಡುವ ಬಡಗಿಗೆ ಈ ಕೆಲಸ ಕೊಟ್ಟರೆ ಅವನು 18 ಮಿ.ಮೀ ಹಲಗೆಯಲ್ಲೇ ಯೋಚಿಸುತ್ತಾನೆ. 8x4 ಅಡಿಯ 12 ಮಿ.ಮೀ ಹಲಗೆಯೇ 24 ಕೆಜಿ ಆಸುಪಾಸು ತೂಗುತ್ತದೆ, 18ರದ್ದು 35 ದಾಟುತ್ತದೆ. ನಾಲ್ಕು ಹಲಗೆಗೆ ಇಬ್ಬರು ದೊಡ್ಡವರ ತೂಕ. ಚೌಕಟ್ಟು ಮಾಡಿ ಮೇಲೆ 6 ಮಿ.ಮೀ ಹೊದಿಸಿ. ಬಾಗಿಲ ಬದಲು ಪರದೆ ಹಾಕಿ. ಮೂಲ ಪೀಠೋಪಕರಣ ಗಟ್ಟಿಯಾಗಿದ್ದರೆ ದಯವಿಟ್ಟು ಅದನ್ನೇ ಉಜ್ಜಿ ಪಾಲಿಶ್ ಮಾಡಿ. ಅವರು ತೂಕದ ಲೆಕ್ಕ ಹಾಕಿಯೇ ಮಾಡಿರುತ್ತಾರೆ.

ಬಣ್ಣಕ್ಕೆ ಬಂದರೆ, ಅಲ್ಯೂಮಿನಿಯಂ ಮೇಲೆ ನೇರ ಬಣ್ಣ ಹಿಡಿಯುವುದಿಲ್ಲ. ಎಣ್ಣೆ ಜಿಡ್ಡು ತೆಗೆದು, ಸಣ್ಣಗೆ ಉಜ್ಜಿ, ಲೋಹಕ್ಕೆ ಕಚ್ಚಿಕೊಳ್ಳುವ ಎಚ್ (etch) ಪ್ರೈಮರ್ ಹೊಡೆದು ಆಮೇಲೆ ಪಿಯು (ಪಾಲಿಯುರೆಥೇನ್) ಬಣ್ಣ. ಚಾವಣಿ ಮಾತ್ರ ಬಿಳಿಯೇ ಇರಲಿ, ಏಪ್ರಿಲ್ ಮಧ್ಯಾಹ್ನ ಒಳಗೆ ಕೂತಾಗ ಅದರ ಬೆಲೆ ತಿಳಿಯುತ್ತದೆ.

ತೂಕ ಮತ್ತು ಮೊದಲ ಓಟ

ಎಲ್ಲ ಸಾಮಾನು ತುಂಬಿ ವೇಬ್ರಿಡ್ಜ್ ಮೇಲೆ ನಿಲ್ಲಿಸಿ. ಒಟ್ಟು ತೂಕ ಆರ್‌ಸಿಯ ಮಿತಿಯೊಳಗೂ ಎಳೆಯುವ ಕಾರಿನ ಕಂಪನಿ ಪುಸ್ತಕದಲ್ಲಿ ಕೊಟ್ಟ ಮಿತಿಯೊಳಗೂ ಇರಬೇಕು. ಪುಸ್ತಕದಲ್ಲಿ ಎಳೆಯುವ ಮಾತೇ ಇಲ್ಲದಿದ್ದರೆ ಆ ಕಾರು ಬೇಡ.

ಮೂತಿಯ ಮೇಲಿನ ಭಾರ ಅಷ್ಟೇ ಮುಖ್ಯ. ಅಮೆರಿಕದವರು ಒಟ್ಟು ತೂಕದ ಶೇ. 10ರಿಂದ 15 ಅನ್ನುತ್ತಾರೆ, ಯುರೋಪಿನವರು ಶೇ. 5ರಿಂದ 7. ಮೂತಿ ಹಗುರವಾದರೆ ವೇಗದಲ್ಲಿ ಟ್ರೇಲರ್ ಬಾಲ ಆಡಿಸುತ್ತದೆ, ಕಾರನ್ನೂ ಎಳೆದಾಡುತ್ತದೆ. ಇದನ್ನು ಮನೆಯ ತೂಕದ ಯಂತ್ರದಲ್ಲೇ ಅಳೆಯಬಹುದು. ಒಂದು ಕಡೆ ಯಂತ್ರ, ಮೂರಡಿ ದೂರದಲ್ಲಿ ಅದೇ ಎತ್ತರದ ಇಟ್ಟಿಗೆ, ಎರಡರ ಮೇಲೂ ಒಂದೊಂದು ಕಬ್ಬಿಣದ ಸರಳು ಇಟ್ಟು ಅಡ್ಡಲಾಗಿ ಗಟ್ಟಿ ಹಲಗೆ. ಇಟ್ಟಿಗೆಯಿಂದ ಒಂದಡಿ, ಯಂತ್ರದಿಂದ ಎರಡಡಿ ದೂರಕ್ಕೆ ಮೂತಿಯನ್ನು ಇಳಿಸಿ. ಯಂತ್ರ ತೋರಿಸಿದ್ದನ್ನು ಮೂರರಿಂದ ಗುಣಿಸಿ. 25 ತೋರಿಸಿದರೆ 75 ಕೆಜಿ. ಹಲಗೆಯ ಸ್ವಂತ ತೂಕವನ್ನು ಮೊದಲೇ ಸೊನ್ನೆ ಮಾಡಿಕೊಳ್ಳಿ. ಭಾರ ಕಮ್ಮಿ ಬಂದರೆ ಸಾಮಾನು ಮುಂದಕ್ಕೆ ಸರಿಸಿ.

ಮೊದಲ ಓಟ ಭಾನುವಾರ ಬೆಳಗ್ಗೆ ಆರಕ್ಕೆ, ಜನ ಏಳುವ ಮುಂಚೆ, ಹೊಸ ಬಡಾವಣೆಯ ಖಾಲಿ ರಸ್ತೆಯಲ್ಲಿ ಇರಲಿ. ರಿವರ್ಸ್ ಕಲಿಯುವುದಕ್ಕೂ ಅದೇ ಜಾಗ. ಸ್ಟೀರಿಂಗಿನ ಕೆಳಭಾಗ ಹಿಡಿದುಕೊಳ್ಳಿ. ಟ್ರೇಲರ್ ಎಡಕ್ಕೆ ಹೋಗಬೇಕಾದರೆ ಕೈ ಎಡಕ್ಕೆ. ನಮ್ಮ ಬಡಾವಣೆಗಳ ಲೆಕ್ಕವಿಲ್ಲದ ಹಂಪುಗಳಲ್ಲಿ ಹಿಂಭಾಗದ ತಳ ಉಜ್ಜುತ್ತದೆಯೇ ಅಂತ ಯಾರಾದರೂ ಕೆಳಗಿಳಿದು ನೋಡಲಿ. ಆಮೇಲೆ ತುಮಕೂರು ರಸ್ತೆಯಲ್ಲಿ ನೆಲಮಂಗಲದವರೆಗೆ ಎಡ ಲೇನಿನಲ್ಲಿ ಹೋಗಿ ನಿಲ್ಲಿಸಿ. ಹಬ್ಬಿನ ಮೇಲೆ ಕೈ ಇಟ್ಟು ನೋಡಿ. ಬೆಚ್ಚಗಿದ್ದರೆ ಸರಿ. ಮುಟ್ಟಲಾಗದಷ್ಟು ಸುಡುತ್ತಿದ್ದರೆ ಬೇರಿಂಗ್ ಬಿಗಿಯಾಗಿದೆ, ಅಥವಾ ಬ್ರೇಕ್ ಹಿಡಿದುಕೊಂಡಿದೆ. ವೀಲ್ ನಟ್ ಮತ್ತೆ ಬಿಗಿಯಿರಿ, ಹೊಸದಾಗಿ ಕೂರಿಸಿದ ಚಕ್ರದಲ್ಲಿ ಸ್ವಲ್ಪ ಸಡಿಲವಾಗಿರುತ್ತದೆ. ಕೊಂಡಿಯ ಬೀಗ, ಸರಪಳಿ, ದೀಪ ನೋಡಿ, ಒಳಗೆ ಹೋಗಿ, ಓಟದಲ್ಲಿ ಬಾಗಿಲು ತೆರೆದುಕೊಂಡ ಕಪಾಟುಗಳಿಗೆ ಚಿಲಕ ಬೇಕು ಅಂತ ಗುರುತು ಹಾಕಿಕೊಳ್ಳಿ. ವಾಪಸು ಬಂದ ಮೇಲೆ ಮೊದಲ ದೊಡ್ಡ ಮಳೆಯ ಮರುದಿನ ತೇವದ ಮೀಟರ್ ಹಿಡಿದು ಅದೇ ಮೂಲೆಗಳನ್ನು ಇನ್ನೊಂದು ಸುತ್ತು ನೋಡಿ. ಅಂಕಿ ಶೇ. 15ರ ಒಳಗೇ ನಿಂತಿದ್ದರೆ ಪರದೆ ಹೊಲಿಸಲು ಕೊಡಬಹುದು.